ಸೇತುವೆಯ ಕೆಳಗಿನ ತೆರಪು ಮತ್ತು ರಾತ್ರಿಯ ತಂಗುದಾಣ: ನದಿಯಲ್ಲಿ ದೋಣಿ ನಡೆಸುವವರ ಸಲಹೆ ಬೇಕು

ತೆಪ್ಪದದಾರಿ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ದಿನಗಟ್ಟಲೆ ನದಿಯಲ್ಲಿ ಸಾಗಿ, ರಾತ್ರಿ ದಡದಲ್ಲಿ ದೋಣಿ ಕಟ್ಟಿ ತಂಗಿದ ಅನುಭವವಿರುವವರ ಸಲಹೆ ಬೇಕಾಗಿದೆ. ನಮ್ಮದು ಹನ್ನೊಂದು ಮೀಟರ್ ಉದ್ದದ, ಡೀಸೆಲ್ ಎಂಜಿನ್ ಇರುವ, ನಾಲ್ವರು ಮಲಗಬಹುದಾದ ದೋಣಿ. ಕಳೆದ ಪ್ರಯಾಣದಲ್ಲಿ ಹರಿವಿಗೆ ಎದುರಾಗಿ ಸಾಗುತ್ತ ಹಳೆಯ ಕಲ್ಲುಕಮಾನಿನ ಸೇತುವೆಯೊಂದನ್ನು ಯಾವ ತೊಂದರೆಯೂ ಇಲ್ಲದೆ ದಾಟಿದೆವು. ಸೇತುವೆಯ ಫಲಕದಲ್ಲಿ 2.5 ಮೀಟರ್ ಎಂದು ಬರೆದಿತ್ತು. ದೋಣಿಯ ಕಾಗದಪತ್ರದಲ್ಲಿ ನೀರಿನಿಂದ ಮೇಲಿನ ಎತ್ತರ 2.2 ಮೀಟರ್ ಎಂದಿತ್ತು. ಮೂವತ್ತು ಸೆಂಟಿಮೀಟರ್ ತೆರಪು ಸಾಕೆಂದು ನಂಬಿ, ಎರಡು ಕಿಲೋಮೀಟರ್ ಮೇಲಕ್ಕೆ ಹೋಗಿ ದಡದ ಎರಡು ಕಬ್ಬಿಣದ ಬಳೆಗಳಿಗೆ ದೋಣಿಯನ್ನು ಬಿಗಿಯಾಗಿ ಕಟ್ಟಿ ಮಲಗಿದೆವು.

ಬೆಳಗಿನ ಜಾವ ಮಂಚದಿಂದ ಗೋಡೆಯ ಕಡೆಗೆ ಉರುಳಿ ಎಚ್ಚರವಾಯಿತು. ದೋಣಿ ದಡದ ಕಡೆಗೆ ವಾಲಿತ್ತು, ಹಗ್ಗಗಳು ತಂತಿಯಂತೆ ಬಿಗಿದು ಕಿರುಗುಟ್ಟುತ್ತಿದ್ದವು. ನಾವಿದ್ದಲ್ಲಿ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಗಂಟು ಬಿಚ್ಚಲು ಬಾರದೆ ಕೊನೆಗೆ ಒಂದು ಹಗ್ಗವನ್ನು ಕತ್ತರಿಸಬೇಕಾಯಿತು. ಆಮೇಲೆ ನೆಟ್ಟಗೆ ಕೆಳಕ್ಕೆ ಹೊರಟೆವು. ಹಿಂದಿನ ದಿನ ಕಮಾನಿನ ಬುಡದಲ್ಲಿ ಒಂದು ಮೊಳದಷ್ಟು ಅಗಲದ ಪಾಚಿಯ ಹಸಿರು ಪಟ್ಟಿಯನ್ನು ನಾನು ಕಂಡಿದ್ದೆ. ಈ ದಿನ ಅದು ಕಾಣಲೇ ಇಲ್ಲ. ಅದು ನೀರಿನಡಿಗೆ ಹೋಗಿದೆ ಎಂಬುದು ಹೊಳೆಯುವ ಹೊತ್ತಿಗೆ ಸೇತುವೆ ಅರುವತ್ತು ಮೀಟರ್ ದೂರದಲ್ಲಿತ್ತು. ಅಡ್ಡ ತಿರುಗಿಸಿದೆ, ತಿರುಗುವಷ್ಟರಲ್ಲಿ ಹಿಂಭಾಗ ಕಂಬದಿಂದ ಒಂದು ಮಾರು ದೂರದಲ್ಲಿತ್ತು. ಆ ದಿನ ದೋಣಿಯಲ್ಲಿ ಮಕ್ಕಳೂ ಇದ್ದರು. ನೀರು ಇಳಿಯಲು ಎರಡು ರಾತ್ರಿ ಕಾದೆವು.

ಸೇತುವೆಯ ತೆರಪನ್ನು ನಂಬಿಕೆಗೆ ಅರ್ಹವಾಗಿ ಲೆಕ್ಕ ಹಾಕುವುದು ಹೇಗೆ, ಸೆಳವಿರುವಾಗ ಸೇತುವೆಯನ್ನು ಸಮೀಪಿಸುವುದು ಹೇಗೆ, ರಾತ್ರಿ ದೋಣಿಯನ್ನು ಎಲ್ಲಿ, ಹೇಗೆ ಕಟ್ಟಬೇಕು ಎಂಬ ಮೂರನ್ನೂ ದಯವಿಟ್ಟು ತಿಳಿಸಿ.

ನೀರಳತೆ ಬರೆದಿದ್ದಾರೆ:

ಎಲ್ಲರೂ ಕ್ಷೇಮವಾಗಿ ಮರಳಿದ್ದು ಸಮಾಧಾನದ ಸಂಗತಿ. ನಿಮ್ಮ ಲೆಕ್ಕದಲ್ಲಿ ಕಳೆಯುವಿಕೆ ಸರಿಯಾಗಿತ್ತು, ಆದರೆ ಕಳೆದ ಎರಡು ಅಂಕಿಗಳೂ ಆ ದಿನದವಾಗಿರಲಿಲ್ಲ.

ಮೊದಲು ಸೇತುವೆಯ ಅಂಕಿ. ಫಲಕದಲ್ಲಿ 2.5 ಎಂದು ಬರೆದಿದ್ದರೆ ನೀರು ಯಾವ ಮಟ್ಟದಲ್ಲಿರುವಾಗ 2.5 ಎಂಬುದನ್ನು ತಿಳಿಯದೆ ಆ ಅಂಕಿಗೆ ಅರ್ಥವಿಲ್ಲ, ಮತ್ತು ಈ ಆಧಾರಮಟ್ಟ ಎಲ್ಲ ನದಿಗಳಲ್ಲಿ ಒಂದೇ ಆಗಿರುವುದಿಲ್ಲ. ರೈನ್ ನದಿಯಂಥ ದೊಡ್ಡ ಸರಕು ಜಲಮಾರ್ಗಗಳಲ್ಲಿ, ಹಡಗುಗಳ ಓಡಾಟಕ್ಕೆ ಅನುಮತಿ ಇರುವ ಅತ್ಯುನ್ನತ ಮಟ್ಟದಿಂದ ಸೇತುವೆಯ ಹೊಟ್ಟೆಯವರೆಗೆ ಅಳೆಯುತ್ತಾರೆ. ಆದ್ದರಿಂದ ಅಲ್ಲಿ ಸಾಮಾನ್ಯ ದಿನಗಳಲ್ಲಿ ಬರೆದದ್ದಕ್ಕಿಂತ ಹೆಚ್ಚೇ ತೆರಪು ಸಿಗುತ್ತದೆ. ಥೇಮ್ಸ್ ನದಿಯ ಉಬ್ಬರವಿಳಿತ ತಲುಪದ ಮೇಲ್ಭಾಗದಲ್ಲಿ ಹಾಗಲ್ಲ. ಅಲ್ಲಿನ ಸೇತುವೆಗಳ ಪಟ್ಟಿಯ ಅಂಕಿಗಳು ಒಡ್ಡುಗಳು ಕಾಯ್ದುಕೊಳ್ಳುವ ಸಾಮಾನ್ಯ ಮಟ್ಟಕ್ಕೆ ಸಂಬಂಧಿಸಿದವು. ಆಕ್ಸ್‌ಫರ್ಡ್‌ನ ಆಸ್ನಿ ಸೇತುವೆಯ ಕೆಳಗೆ 2.28 ಮೀಟರ್ ಮಾತ್ರ ತೆರಪಿದೆ ಎಂದು ಪಟ್ಟಿ ಹೇಳಿದರೆ, ಮಳೆ ಬಂದು ನದಿ ತುಂಬಿದ ದಿನ ಅಷ್ಟೂ ಇರುವುದಿಲ್ಲ ಎಂದೇ ಓದಿಕೊಳ್ಳಬೇಕು. ಉಬ್ಬರವಿಳಿತವಿರುವ ನದೀಮುಖಗಳಲ್ಲಿ ಸಾಮಾನ್ಯವಾಗಿ ದೊಡ್ಡ ಉಬ್ಬರದ ಮಟ್ಟವೊಂದನ್ನು ಆಧಾರವಾಗಿ ಇಟ್ಟುಕೊಂಡಿರುತ್ತಾರೆ. ಹೀಗೆ ಒಂದೇ 2.5 ಎಂಬ ಅಂಕಿ ಒಂದೆಡೆ ಕನಿಷ್ಠ ಭರವಸೆಯಾದರೆ ಇನ್ನೊಂದೆಡೆ ಒಳ್ಳೆಯ ದಿನದ ಲೆಕ್ಕವಷ್ಟೇ ಆಗಿರುತ್ತದೆ.

ನೀವು ಸಾಕೆಂದುಕೊಂಡ ಮೂವತ್ತು ಸೆಂಟಿಮೀಟರ್ ತಪ್ಪು ಅಂಕಿಯೇನಲ್ಲ. 1992ರ ಯುರೋಪಿನ ಜಲಮಾರ್ಗ ವರ್ಗೀಕರಣದಲ್ಲಿ ಎರಡು ಪದರ ಕಂಟೇನರ್ ಸಾಗಿಸಲು 5.25 ಮೀಟರ್, ಮೂರು ಪದರಕ್ಕೆ 7.00 ಮೀಟರ್, ನಾಲ್ಕು ಪದರಕ್ಕೆ 9.10 ಮೀಟರ್ ಎಂದು ನಿಗದಿ ಮಾಡುವಾಗ, ಹಡಗಿನ ನೆತ್ತಿಗೂ ಸೇತುವೆಗೂ ನಡುವೆ ಸುಮಾರು 30 ಸೆಂಟಿಮೀಟರ್ ಸುರಕ್ಷಿತ ತೆರಪನ್ನು ಸೇರಿಸಿಯೇ ಲೆಕ್ಕ ಹಾಕಿದ್ದಾರೆ. ಆದರೆ ಅದು ನೀರು ಅತ್ಯುನ್ನತ ಮಟ್ಟಕ್ಕೆ ಏರಿದ ಮೇಲೂ ಉಳಿಯಬೇಕಾದ ಮೂವತ್ತು. ನಿಮ್ಮದು ನೀರು ಇನ್ನೂ ಏರುವ ಮೊದಲಿನ ಮೂವತ್ತು.

ಎರಡನೆಯದು ದೋಣಿಯ ಅಂಕಿ. ಕಾಗದದಲ್ಲಿರುವ ಎತ್ತರ ಸಾಮಾನ್ಯವಾಗಿ ಕಾರ್ಖಾನೆಯಿಂದ ಹೊರಬಿದ್ದ ದೋಣಿಯದು. ಆಮೇಲೆ ಕೂರಿಸಿದ ಸೌರಫಲಕ, ಆಂಟೆನಾದ ಬುಡ, ದೀಪದ ಕಂಬ ಅದರಲ್ಲಿ ಇರುವುದಿಲ್ಲ. ನೀರಿನ ತೊಟ್ಟಿಯೂ ಇಂಧನದ ತೊಟ್ಟಿಯೂ ಬರಿದಾಗಿ, ಜನರು ದಡಕ್ಕೆ ಇಳಿದಿದ್ದರೆ ದೋಣಿ ಹಗುರವಾಗಿ ಮೇಲೇಳುತ್ತದೆ. ಪ್ರಯಾಣದ ಕೊನೆಯ ದಿನದ ದೋಣಿ ಮೊದಲ ದಿನದ ದೋಣಿಗಿಂತ ಎತ್ತರ. ಹಿಂದಿರುಗುವ ದಾರಿಯಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿರಲು ಇದೂ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ.

ಮರಳದಿಣ್ಣೆ ಬರೆದಿದ್ದಾರೆ:

ಕಮಾನು ಸೇತುವೆ ಎಂದಿದ್ದೀರಿ, ಆದ್ದರಿಂದ ಒಂದು ಮಾತು ಸೇರಿಸಬೇಕು. ಕಮಾನಿನ ಕೆಳಗೆ ತೆರಪು ನಟ್ಟನಡುವೆ ಮಾತ್ರ ಹೆಚ್ಚು, ಎರಡು ಬದಿಗೂ ಅದು ಬೇಗನೆ ಇಳಿಯುತ್ತದೆ. ದೋಣಿಯ ನೆತ್ತಿ ದಾಟಿದರೂ ಚಾವಣಿಯ ಮೂಲೆ ಕಲ್ಲಿಗೆ ತಾಗುತ್ತದೆ. ಆದ್ದರಿಂದ ಎತ್ತರ ಒಂದನ್ನೇ ಅಳೆದರೆ ಸಾಲದು; ನಡುಗೆರೆಯಿಂದ ಚಾವಣಿಯ ಅಂಚು ಎಷ್ಟು ದೂರ, ಆ ಅಂಚು ನೀರಿನಿಂದ ಎಷ್ಟು ಎತ್ತರ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಇಂಗ್ಲೆಂಡಿನ ನಾರ್ಫಕ್ ಬ್ರಾಡ್ಸ್ ಜಲಮಾರ್ಗದಲ್ಲಿ ಪಾಟರ್ ಹೈಯಂ ಎಂಬಲ್ಲಿ ಮಧ್ಯಯುಗದ ಕಲ್ಲುಸೇತುವೆಯೊಂದಿದೆ. ಅದರ ನಡುಗಮಾನು ತಗ್ಗು, ಕಿರಿದು. ಬಾಡಿಗೆ ದೋಣಿಗಳನ್ನು ಅಲ್ಲಿ ಸ್ಥಳೀಯ ಪೈಲಟ್ (ಆ ಜಾಗ ಬಲ್ಲ ನಾವಿಕ) ಮಾತ್ರ ದಾಟಿಸಬೇಕೆಂಬ ನಿಯಮವಿದೆ. ನೀರು ಹೆಚ್ಚಿದ್ದರೆ ಪೈಲಟ್ ಕೂಡ ದಾಟಿಸುವುದಿಲ್ಲ. ದಿನವೂ ಅದೇ ಕಮಾನಿನಡಿ ಹಾದುಹೋಗುವವರೇ ಕಣ್ಣಳತೆಯನ್ನು ನಂಬದೆ ನೀರಿನಂಚಿನಲ್ಲಿ ನಿಲ್ಲಿಸಿದ, ಅಂಕಿಗಳಿರುವ ಮಾಪನ ಪಟ್ಟಿಯನ್ನು ನೋಡುತ್ತಾರೆ ಎಂದರೆ ನಾವು ಹೇಗೆ ನಂಬುವುದು?

ಏಳುಸುತ್ತು ಬರೆದಿದ್ದಾರೆ:

ಮಾಪನ ಪಟ್ಟಿಯ ಬಗ್ಗೆ ಒಂದು ಎಚ್ಚರಿಕೆ. ಪಟ್ಟಿಗಳಲ್ಲಿ ಎರಡು ಬಗೆ ಇವೆ. ಒಂದು ನೀರಿನ ಮಟ್ಟವನ್ನು ಹೇಳುತ್ತದೆ. ನೀರು ಏರಿದಂತೆ ಅಂಕಿ ಹೆಚ್ಚುತ್ತದೆ. ಇನ್ನೊಂದು ಸೇತುವೆಯ ಕೆಳಗೆ ಉಳಿದಿರುವ ತೆರಪನ್ನು ಹೇಳುತ್ತದೆ. ನೀರು ಏರಿದಂತೆ ಅಂಕಿ ಇಳಿಯುತ್ತದೆ. ಹೊಸ ನದಿಗೆ ಹೋದಾಗ ಪಟ್ಟಿಯ ಅಂಕಿಗಳು ಮೇಲಿನಿಂದ ಕೆಳಕ್ಕೆ ಹೆಚ್ಚುತ್ತವೆಯೋ ಕಡಿಮೆಯಾಗುತ್ತವೆಯೋ ಎಂದು ಮೊದಲು ನೋಡಿ. ಕೆಳಕ್ಕೆ ಹೋದಂತೆ ಅಂಕಿ ಹೆಚ್ಚುತ್ತಿದ್ದರೆ ಅದು ತೆರಪಿನ ಪಟ್ಟಿ.

ತೆಪ್ಪದದಾರಿ ಬರೆದಿದ್ದಾರೆ:

ಎಲ್ಲರಿಗೂ ಧನ್ಯವಾದ. ದೋಣಿಯ ಎತ್ತರವನ್ನು ನೀರಿನ ಮೇಲೆಯೇ ಅಳೆಯುವುದು ಹೇಗೆ ಎಂದು ತಿಳಿಸುವಿರಾ? ಅಳತೆಪಟ್ಟಿ ಹಿಡಿದು ಚಾವಣಿಯ ಮೇಲೆ ನಿಂತರೆ ನಾನಿರುವ ಕಡೆಗೇ ದೋಣಿ ವಾಲುತ್ತದೆ.

ನೀರಳತೆ ಬರೆದಿದ್ದಾರೆ:

ಗಾಳಿಯಿಲ್ಲದ ಬೆಳಗ್ಗೆ, ನಿಂತ ನೀರಿನಲ್ಲಿ, ತೊಟ್ಟಿಗಳು ಬರಿದಾಗಿರುವಾಗ, ದೋಣಿಯಲ್ಲಿ ಯಾರೂ ಇಲ್ಲದಂತೆ ಮಾಡಿ ಅಳೆಯಿರಿ. ಇಬ್ಬರು ಬೇಕು. ಒಂದು ನೇರವಾದ ಉದ್ದನೆಯ ಪಟ್ಟಿಯನ್ನು ಚಾವಣಿಯ ಅತಿ ಎತ್ತರದ ಬಿಂದುವಿಗೆ ತಾಗಿಸಿ, ಇನ್ನೊಂದು ತುದಿ ಕಟ್ಟೆಯ ಅಂಚನ್ನು ದಾಟಿ ನೀರಿನ ಮೇಲೆ ಚಾಚುವಂತೆ ಹಿಡಿಯಿರಿ. ಪಟ್ಟಿಯ ಮೇಲೆ ಗುಳ್ಳೆಮಟ್ಟ ಇಟ್ಟು ಅದು ಸಮತಲವಾಗಿದೆಯೇ ಎಂದು ನೋಡಿ, ಚಾಚಿದ ತುದಿಯಿಂದ ತೂಕ ಕಟ್ಟಿದ ಅಳತೆಪಟ್ಟಿಯನ್ನು ನೀರಿನ ಮೈಗೆ ಇಳಿಬಿಡಿ. ಅದನ್ನೇ ಎಡ ಮೂಲೆಗೂ ಬಲ ಮೂಲೆಗೂ ಮಾಡಿ. ಮಡಚಬಹುದಾದ ಭಾಗಗಳಿದ್ದರೆ ಮಡಚಿದ ಮೇಲಿನ ಅಂಕಿಯನ್ನೂ ಮಡಚದ ಅಂಕಿಯನ್ನೂ ಬೇರೆಬೇರೆಯಾಗಿ ಬರೆದು ಚುಕ್ಕಾಣಿಯ ಎದುರಿಗೆ ಅಂಟಿಸಿ.

ಮಡಚುವುದನ್ನು ಮರೆಯುವುದು ಸಣ್ಣ ತಪ್ಪಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಎರ್ಲಾಂಗನ್ ಬಳಿ ಮೈನ್–ಡ್ಯಾನ್ಯೂಬ್ ಕಾಲುವೆಯಲ್ಲಿ ಪ್ರವಾಸಿ ಹಡಗೊಂದರ ಚಾಲನಾ ಕೋಣೆ ಸೇತುವೆಗೆ ಬಡಿದು, ಒಳಗಿದ್ದ ಇಬ್ಬರು ಸಿಬ್ಬಂದಿ ಸತ್ತರು. ತಗ್ಗು ಸೇತುವೆಗಳಿಗಾಗಿಯೇ ಚಾಲನಾ ಕೋಣೆಯನ್ನು ಕೆಳಗಿಳಿಸುವ ವ್ಯವಸ್ಥೆ ಇಂಥ ಹಡಗುಗಳಲ್ಲಿ ಇರುತ್ತದೆ.

ಹಸಿರುಲಾಂದ್ರ ಬರೆದಿದ್ದಾರೆ:

ನಾನು ಮುಂಭಾಗದಲ್ಲಿ ಚಾವಣಿಗಿಂತ ಹತ್ತು ಸೆಂಟಿಮೀಟರ್ ಎತ್ತರದ, ಬಾಗುವ ನಾರಿನ ಕೋಲೊಂದನ್ನು ನೆಟ್ಟಿದ್ದೇನೆ. ಸೇತುವೆಗೆ ಅದು ತಾಗಿದರೆ ದೋಣಿ ಹಿಡಿಸುವುದಿಲ್ಲ ಎಂದು ಗೊತ್ತಾಗುತ್ತದೆ. ಇದಕ್ಕಿಂತ ಸರಳ ಉಪಾಯವಿಲ್ಲ.

ಚುಕ್ಕಾಣಿ ಬರೆದಿದ್ದಾರೆ:

ಹರಿವಿಗೆ ಎದುರಾಗಿ ಹೋಗುವಾಗ ನಿಮ್ಮ ಕೋಲು ಒಳ್ಳೆಯ ಸಾಧನ. ಹರಿವಿನೊಡನೆ ಬರುವಾಗ ಅದನ್ನು ನಂಬಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನೀರು ಗಂಟೆಗೆ ನಾಲ್ಕು ಕಿಲೋಮೀಟರ್ ಹರಿಯುತ್ತಿದೆ, ದೋಣಿ ನೀರಿನಲ್ಲಿ ಗಂಟೆಗೆ ಆರು ಕಿಲೋಮೀಟರ್ ಸಾಗುತ್ತಿದೆ ಎಂದುಕೊಳ್ಳಿ. ಎದುರಾಗಿ ಹೋಗುವಾಗ ದಡಕ್ಕೆ ಹೋಲಿಸಿದರೆ ಎರಡೇ ಕಿಲೋಮೀಟರ್ ವೇಗ, ಅರುವತ್ತು ಮೀಟರ್ ಸಾಗಲು ಸುಮಾರು 108 ಸೆಕೆಂಡು. ಅದೇ ದೋಣಿ ಹರಿವಿನೊಡನೆ ಬಂದರೆ ಹತ್ತು ಕಿಲೋಮೀಟರ್ ವೇಗ, ಅದೇ ಅರುವತ್ತು ಮೀಟರ್‌ಗೆ ಸುಮಾರು 22 ಸೆಕೆಂಡು. ಪ್ರಶ್ನೆ ಕೇಳಿದವರು ಕಂಬದಿಂದ ಒಂದು ಮಾರು ದೂರದಲ್ಲಿ ಉಳಿದದ್ದು ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಕೋಲು ತಾಗಿದಾಗ ನಿಮಗೆ ಉಳಿದಿರುವುದು ದೋಣಿಯ ಅರ್ಧ ಉದ್ದ ಮಾತ್ರ.

ಸೇತುವೆಯ ಬಳಿ ನದಿಯ ವರ್ತನೆಯೇ ಬದಲಾಗುತ್ತದೆ. ಅಗಲವಾಗಿ ಹರಿಯುತ್ತಿದ್ದ ನೀರು ಕಂಬಗಳ ನಡುವಿನ ಕಿರಿದಾದ ದಾರಿಯಲ್ಲಿ ನುಗ್ಗಬೇಕಾದ್ದರಿಂದ ಅಲ್ಲಿ ವೇಗ ಹೆಚ್ಚುತ್ತದೆ. ಸೆಳವಿನ ವೇಗ ಇಮ್ಮಡಿಯಾದರೆ ದೋಣಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಕಂಬದ ಹಿಂದೆ ಸುಳಿಗಳಿರುತ್ತವೆ. ದೋಣಿಯ ಮುಂಭಾಗ ಸುಳಿಯಲ್ಲಿ, ಹಿಂಭಾಗ ಸೆಳವಿನಲ್ಲಿ ಇರುವ ಕ್ಷಣದಲ್ಲಿ ದೋಣಿ ಚುಕ್ಕಾಣಿಯ ಮಾತು ಕೇಳದೆ ತಿರುಗಲು ನೋಡುತ್ತದೆ. ಚುಕ್ಕಾಣಿಯ ಹಿಡಿ ಇದ್ದಕ್ಕಿದ್ದಂತೆ ಹಗುರವಾಗುವುದು ಅದರ ಮುನ್ಸೂಚನೆ. ಆಗ ಎಂಜಿನ್ನಿಗೆ ತುಸು ಬಲ ಕೊಟ್ಟು ನೇರ ಮಾಡಬೇಕೇ ಹೊರತು ಬಲವನ್ನು ತೆಗೆಯಬಾರದು. ಹೊಸಬರು ಹೆದರಿ ಎಂಜಿನ್ ನಿಧಾನ ಮಾಡುತ್ತಾರೆ, ಚುಕ್ಕಾಣಿಯ ಮೇಲೆ ಹಾಯುವ ನೀರು ಕಡಿಮೆಯಾಗಿ ದೋಣಿ ಅನಾಥವಾಗುತ್ತದೆ.

ಆದ್ದರಿಂದ ನನ್ನ ಅಭ್ಯಾಸ ಇದು. ಹರಿವಿನೊಡನೆ ಇಳಿಯುವಾಗ ತಗ್ಗು ಸೇತುವೆಗೆ ಮುನ್ನೂರು ಮೀಟರ್ ಮೊದಲೇ, ಇನ್ನೂ ಸುಖವಾಗಿ ತಿರುಗಬಹುದಾದ ಜಾಗದಲ್ಲಿ, ತೀರ್ಮಾನ ಮುಗಿದಿರಬೇಕು. ಸಂಶಯವಿದ್ದರೆ ದಡಕ್ಕೆ ಕಟ್ಟಿ, ನಡೆದುಹೋಗಿ, ಪಟ್ಟಿ ನೋಡಿ ಬರುತ್ತೇನೆ. ಈ ನಡಿಗೆಗೆ ಅರ್ಧ ಗಂಟೆ ಹೋದರೂ ನನಗೆ ಒಮ್ಮೆಯೂ ಬೇಸರವಾಗಿಲ್ಲ.

ಮರಳದಿಣ್ಣೆ ಬರೆದಿದ್ದಾರೆ:

ಬಲ ತೆಗೆಯಬಾರದು ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ತಗ್ಗು ಕಮಾನಿನ ಕೆಳಗೆ ಜೋರಾಗಿ ಹೋದರೆ ಹಿಂಭಾಗ ಕುಳಿತು ಮುಂಭಾಗ ಏಳುತ್ತದೆ. ಇನ್ನು ಜೋರಾಗಿ ಬಂದು ಸೇತುವೆಯ ಮುಂದೆ ಒಮ್ಮೆಲೇ ನಿಧಾನಿಸಿದರೆ ನಮ್ಮದೇ ಅಲೆ ಹಿಂದಿನಿಂದ ಬಂದು ದೋಣಿಯನ್ನು ಎತ್ತುತ್ತದೆ. ಐದಾರು ಸೆಂಟಿಮೀಟರ್ ತೆರಪಿನಲ್ಲಿ ಇದೇ ಸಾಕು. ಬಹಳ ಮೊದಲೇ ನಿಧಾನಿಸಿ, ಅಲೆ ಹಾದುಹೋಗಲು ಬಿಟ್ಟು, ಆಮೇಲೆ ಚುಕ್ಕಾಣಿ ಕೇಳುವಷ್ಟು ಸಮನಾದ ಬಲದಲ್ಲಿ ದಾಟಬೇಕು. ಎದುರಿಗೆ ಇನ್ನೊಂದು ದೋಣಿ ಅಲೆ ಎಬ್ಬಿಸಿ ಹೋಗಿದ್ದರೆ ನೀರು ಶಾಂತವಾಗುವವರೆಗೆ ಕಾಯಬೇಕು.

ಚುಕ್ಕಾಣಿ ಬರೆದಿದ್ದಾರೆ:

ಒಪ್ಪುತ್ತೇನೆ, ಅದನ್ನು ನಾನೇ ಹೇಳಬೇಕಿತ್ತು. ಸಮನಾದ ಬಲ ಎಂಬುದೇ ಸರಿಯಾದ ಮಾತು.

ಎದುರಿನಿಂದ ಬರುವವರ ವಿಷಯಕ್ಕೆ ಬಂದರೆ, ಹಲವು ದೇಶಗಳ ನದಿ ನಿಯಮಗಳು ಹರಿವಿನೊಡನೆ ಬರುವವರಿಗೆ ದಾರಿ ಬಿಡಿ ಎನ್ನುತ್ತವೆ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ: ಎದುರು ಹೋಗುವವರು ನೀರಿನಲ್ಲಿ ಎಂಜಿನ್ ಓಡಿಸುತ್ತಲೇ ಒಂದೇ ಜಾಗದಲ್ಲಿ ನಿಲ್ಲಬಲ್ಲರು, ಇಳಿದು ಬರುವವರು ನಿಲ್ಲಲಾರರು. ಯುರೋಪಿನ ಒಳನಾಡು ಜಲಮಾರ್ಗಗಳ ಸಂಕೇತಗಳಲ್ಲಿ ಕಮಾನಿನ ಮೇಲೆ ಒಂದು ಹಳದಿ ವಜ್ರಾಕೃತಿ ಇದ್ದರೆ ಆ ದಾರಿ ಶಿಫಾರಸಿನದು, ಆದರೆ ಎದುರಿನಿಂದಲೂ ದೋಣಿ ಬರಬಹುದು. ಎರಡು ಇದ್ದರೆ ಎದುರಿನಿಂದ ಬರುವುದಕ್ಕೆ ಅಲ್ಲಿ ನಿಷೇಧವಿದೆ. ಕೆಂಪು ಬಿಳಿ ಕೆಂಪು ಅಡ್ಡಪಟ್ಟಿಯ ಫಲಕ ಇದ್ದರೆ ಆ ಕಮಾನಿಗೆ ಪ್ರವೇಶವೇ ಇಲ್ಲ. ಎಡದಡ, ಬಲದಡ ಎಂಬುದನ್ನು ಯಾವಾಗಲೂ ಹರಿವಿನ ದಿಕ್ಕಿಗೆ ಮುಖ ಮಾಡಿ ಗುರುತಿಸಬೇಕು ಎಂಬುದೂ ನೆನಪಿರಲಿ. ಲಂಡನ್ನಿನ ಉಬ್ಬರವಿಳಿತದ ಥೇಮ್ಸ್‌ನಲ್ಲಿ, ದುರಸ್ತಿಗಾಗಿ ಕಮಾನಿನ ತೆರಪು ಕಡಿಮೆಯಾಗಿದ್ದರೆ ಇಂದಿಗೂ ಸೇತುವೆಯಿಂದ ಒಂದು ಹುಲ್ಲಿನ ಕಟ್ಟನ್ನು ನೇತುಹಾಕುತ್ತಾರೆ, ರಾತ್ರಿಯಾದರೆ ಬಿಳಿಯ ದೀಪವನ್ನು. ಗೊತ್ತಿಲ್ಲದವರು ಅದನ್ನು ನೋಡಿಯೂ ನೋಡದಂತೆ ಹೋಗಿಬಿಡಬಹುದು.

ಸೇತುವೆಯ ಬಳಿ ಇನ್ನೊಂದು ದೋಣಿಯನ್ನು ಹಿಂದಿಕ್ಕುವುದನ್ನು ನಾನು ಎಂದೂ ಮಾಡುವುದಿಲ್ಲ. 2019ರ ಮೇ 29ರ ರಾತ್ರಿ ಬುಡಾಪೆಸ್ಟ್‌ನಲ್ಲಿ, ಡ್ಯಾನ್ಯೂಬ್ ತುಂಬಿ ಹರಿಯುತ್ತಿದ್ದಾಗ, ಮಾರ್ಗರೆಟ್ ಸೇತುವೆಯ ಬಳಿ ಹಬ್ಲೆಯಾನಿ ಎಂಬ ಸಣ್ಣ ಪ್ರವಾಸಿ ದೋಣಿಗೆ ಹಿಂದಿನಿಂದ ದೊಡ್ಡ ಹಡಗೊಂದು ಬಡಿಯಿತು. ದೋಣಿಯಲ್ಲಿದ್ದ 35 ಜನರಲ್ಲಿ ಏಳು ಮಂದಿ ಮಾತ್ರ ಬದುಕುಳಿದರು. ಕಂಬಗಳ ನಡುವೆ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ.

ನೀರಳತೆ ಬರೆದಿದ್ದಾರೆ:

ತೆರೆಯುವ ಸೇತುವೆಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಒಂದು ದೀರ್ಘ ಮತ್ತು ಒಂದು ಹ್ರಸ್ವ ಶಿಳ್ಳೆ ಊದಿ ಸೇತುವೆ ತೆರೆಯಲು ಕೇಳುತ್ತಾರೆ. ಕೂಡಲೇ ತೆರೆಯುವುದಾದರೆ ಸೇತುವೆಯಿಂದ ಅದೇ ಉತ್ತರ ಬರುತ್ತದೆ, ಆಗದಿದ್ದರೆ ಐದು ಹ್ರಸ್ವ. ಲಂಡನ್ನಿನ ಟವರ್ ಬ್ರಿಜ್ ತೆರೆಯಬೇಕಾದರೆ ಕನಿಷ್ಠ 24 ಗಂಟೆ ಮುಂಚಿತವಾಗಿ ತಿಳಿಸಿರಬೇಕು. ಎಲ್ಲಿಯೇ ಆಗಲಿ, ಕಾಯುವ ಜಾಗವನ್ನು ಮೊದಲೇ ಗುರುತಿಸಿಟ್ಟುಕೊಂಡು, ಪೂರ್ಣವಾಗಿ ತೆರೆದು ಹಸಿರು ದೀಪ ಬರುವವರೆಗೆ ಅಲ್ಲೇ ಇರಬೇಕು. ನದಿಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳನ್ನೂ ಸೇತುವೆಯೆಂದೇ ಎಣಿಸಿ. ತಾಗದಿದ್ದರೂ ಹತ್ತಿರ ಹೋದರೆ ವಿದ್ಯುತ್ ಹಾರುತ್ತದೆ, ಬಿಸಿಲಿಗೆ ತಂತಿ ಜೋಲುತ್ತದೆ.

ಮಂಜಿದ್ದರೆ ಹೊರಡಲೇಬೇಡಿ. 1993ರ ಸೆಪ್ಟೆಂಬರ್ 22ರಂದು ಅಮೆರಿಕದ ಅಲಬಾಮಾದಲ್ಲಿ, ದಟ್ಟ ಮಂಜಿನಲ್ಲಿ ಮೊಬೀಲ್ ನದಿಯಿಂದ ದಾರಿತಪ್ಪಿ ಬಿಗ್ ಬೈಯೂ ಕ್ಯಾನಾಟ್ ಎಂಬ ಕವಲಿಗೆ ಹೊಕ್ಕ ಸರಕು ದೋಣಿಗಳ ಸಾಲು ರೈಲ್ವೆ ಸೇತುವೆಗೆ ಬಡಿದು ಹಳಿಯನ್ನು ಸರಿಸಿತು. ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಬಂದ ಪ್ರಯಾಣಿಕರ ರೈಲು ಉರುಳಿ 47 ಜನರು ಸತ್ತರು. ದೋಣಿ ನಡೆಸುವವರ ತಪ್ಪಿಗೆ ಸೇತುವೆಯ ಮೇಲಿರುವವರೂ ಬೆಲೆ ತೆರುತ್ತಾರೆ.

ಏಳುಸುತ್ತು ಬರೆದಿದ್ದಾರೆ:

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹಗ್ಗದ ಕೆಲಸ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಸೇತುವೆಯ ಪ್ರಶ್ನೆ ಬೇರೆ, ತಂಗುದಾಣದ ಪ್ರಶ್ನೆ ಬೇರೆ ಎಂದು ನೀವು ವಿಂಗಡಿಸಿದ್ದೀರಿ. ನಿಮ್ಮ ಆ ರಾತ್ರಿಯನ್ನೇ ನೋಡಿ: ಕಮಾನಿನ ತೆರಪನ್ನು ತಿಂದ ನೀರೇ ನಿಮ್ಮ ಹಗ್ಗವನ್ನೂ ಬಿಗಿಯಿತು. ದೋಣಿ ದಡದ ಕಡೆಗೆ ವಾಲಿದ್ದಕ್ಕೆ ಕಾರಣವೂ ಅದೇ. ನೀರು ದೋಣಿಯನ್ನು ಮೇಲೆತ್ತುತ್ತಿತ್ತು, ತಗ್ಗಿನಲ್ಲಿದ್ದ ಬಳೆಗಳಿಗೆ ಬಿಗಿದ ಹಗ್ಗ ದಡದ ಬದಿಯನ್ನು ಕೆಳಕ್ಕೆ ಹಿಡಿದಿತ್ತು. ನೀರು ಇಳಿದಿದ್ದರೆ ದಡದ ಬದಿ ಹಗ್ಗದಲ್ಲಿ ನೇತಾಡಿ, ದೋಣಿ ನದಿಯ ಕಡೆಗೆ ವಾಲುತ್ತಿತ್ತು. ಯಾವ ಕಡೆಗೆ ವಾಲಿದೆ ಎಂಬುದರಿಂದಲೇ, ಬಾಗಿಲು ತೆರೆಯುವ ಮೊದಲೇ, ನೀರು ಏರಿದೆಯೋ ಇಳಿದಿದೆಯೋ ಹೇಳಬಹುದು. ಆ ಬೆಳಗ್ಗೆ ನಿಮ್ಮ ಮಂಚವೇ ಸೇತುವೆಯ ಸುದ್ದಿಯನ್ನು ಹೇಳಿತ್ತು.

ಜಾಗದ ಆಯ್ಕೆಯಿಂದ ಆರಂಭಿಸೋಣ. ತಿರುವಿನ ಹೊರದಡದಲ್ಲಿ ಆಳವಿರುತ್ತದೆ, ಆದರೆ ಸೆಳವು ಅಲ್ಲೇ ಹೆಚ್ಚು. ಮಣ್ಣು ಕುಸಿಯುತ್ತದೆ, ತೇಲಿಬರುವ ಮರದ ಕೊಂಬೆಗಳೂ ಅಲ್ಲಿಗೇ ಬಂದು ಬಡಿಯುತ್ತವೆ. ಒಳದಡದಲ್ಲಿ ನೀರು ಶಾಂತ, ಆದರೆ ಹೂಳು ತುಂಬಿರುತ್ತದೆ. ನೇರವಾಗಿ ಹರಿಯುವ ಭಾಗದಲ್ಲಿ, ಗಟ್ಟಿಯಾದ ಕಟ್ಟೆಯಿರುವಲ್ಲಿ ತಂಗುವುದು ಒಳ್ಳೆಯದು. ಸೇತುವೆಗೂ ಒಡ್ಡಿಗೂ ಸ್ವಲ್ಪವೇ ಮೇಲ್ಭಾಗದಲ್ಲಿ ಕಟ್ಟಬೇಡಿ. ಹಗ್ಗ ತುಂಡಾದರೆ ದೋಣಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಣ್ಣೆದುರೇ ಇರುತ್ತದೆ. ಸೇತುವೆಯ ಕೆಳಗಂತೂ ಕಟ್ಟಲೇಬಾರದು. ತೇಲುಕಟ್ಟೆ ಸಿಕ್ಕರೆ ಅದೇ ಶ್ರೇಷ್ಠ, ಏಕೆಂದರೆ ಕಟ್ಟೆಯೂ ದೋಣಿಯೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ.

ದಡ ಸೇರುವಾಗ ಮುಂಭಾಗ ಹರಿವಿಗೆ ಎದುರಾಗಿರಲಿ. ಹರಿವಿನೊಡನೆ ಬರುತ್ತಿದ್ದರೆ ಜಾಗವನ್ನು ದಾಟಿ ಕೆಳಗೆ ಹೋಗಿ ತಿರುಗಿ ಬನ್ನಿ. ಮುಂಭಾಗವನ್ನು ದಡದ ಕಡೆಗೆ ತುಸುವೇ ಓರೆಮಾಡಿ, ಎಂಜಿನ್ನಿನ ಬಲವನ್ನು ಸೆಳವಿಗೆ ಸಮನಾಗಿ ಇಟ್ಟರೆ, ನೀರೇ ದೋಣಿಯನ್ನು ಪಕ್ಕಕ್ಕೆ ಸರಿಸಿ ಮೆಲ್ಲನೆ ದಡಕ್ಕೆ ಒಪ್ಪಿಸುತ್ತದೆ. ಮೊದಲು ಕಟ್ಟಬೇಕಾದದ್ದು ಮುಂಭಾಗದ ಹಗ್ಗ. ಹಿಂಭಾಗವನ್ನು ಮೊದಲು ಕಟ್ಟಿದರೆ ಸೆಳವು ಮುಂಭಾಗವನ್ನು ಹೊರಕ್ಕೆ ತಳ್ಳಿ, ದೋಣಿಯನ್ನು ಬಾಗಿಲಿನಂತೆ ನದಿಗೆ ಅಡ್ಡ ತೆರೆಯುತ್ತದೆ. ಕಾಲಿನಿಂದ ಒತ್ತಿ ತಡೆಯಲು ಯಾರೂ ಹೋಗಬಾರದು. ಕೆಲವು ಟನ್ ತೂಕದ ದೋಣಿಗೂ ಕಲ್ಲಿಗೂ ನಡುವೆ ಇಡಬೇಕಾದದ್ದು ರಬ್ಬರಿನ ದಿಂಬು, ಮನುಷ್ಯನ ಕಾಲಲ್ಲ.

ಈಗ ಗಂಟು. ನೀವು ಹಗ್ಗ ಕತ್ತರಿಸಬೇಕಾದದ್ದನ್ನು ಓದಿದಾಗ, ನೀವು ಹಾಕಿದ್ದು ಬೋಲೈನ್ ಎಂಬ ಕುಣಿಕೆಯ ಗಂಟಿರಬೇಕು ಎನ್ನಿಸಿತು. ಅದು ಬಲವಾದ ಗಂಟು, ಆದರೆ ಎಳೆತ ಇರುವಾಗ ಬಿಚ್ಚಲು ಬರುವುದಿಲ್ಲ. ದಡದ ಬಳೆಗೆ ಹಗ್ಗವನ್ನು ಎರಡು ಸುತ್ತು ಸುತ್ತಿ, ಆಮೇಲೆ ಹಗ್ಗದ ಮೇಲೆಯೇ ಎರಡು ಅರೆಗಂಟು ಹಾಕಿ. ಎಳೆತವನ್ನು ಸುತ್ತುಗಳು ಹೊರುತ್ತವೆ. ಅರೆಗಂಟು ಬಿಚ್ಚಿದ ಮೇಲೂ ಸುತ್ತುಗಳು ಹಿಡಿದಿರುತ್ತವೆ, ನೀವು ಬೆರಳಿಗೆ ಅಪಾಯವಿಲ್ಲದೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬಹುದು. ಇದಕ್ಕಿಂತ ಒಳ್ಳೆಯದೆಂದರೆ ಹಗ್ಗವನ್ನು ದೋಣಿಯಿಂದ ಒಯ್ದು, ಬಳೆಯೊಳಗೆ ಹಾಯಿಸಿ, ಮತ್ತೆ ದೋಣಿಗೇ ತಂದು ಕಟ್ಟುವುದು. ನಡುರಾತ್ರಿ ದಡಕ್ಕೆ ಇಳಿಯದೆ ಸಡಿಲಿಸಬಹುದು, ಬೆಳಗ್ಗೆ ಒಂದು ತುದಿ ಬಿಟ್ಟು ಎಳೆದುಕೊಂಡರೆ ಹಗ್ಗ ಕೈಗೆ ಬರುತ್ತದೆ.

ಹಗ್ಗ ಎಷ್ಟು ಸಡಿಲವಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಉದ್ದವಾದ ಹಗ್ಗವನ್ನು ದೂರದ ಬಳೆಗೆ ಓರೆಯಾಗಿ ಕಟ್ಟಿದರೆ ಈ ಪ್ರಶ್ನೆ ಬಹುಮಟ್ಟಿಗೆ ತಾನೇ ಬಗೆಹರಿಯುತ್ತದೆ, ಏಕೆಂದರೆ ನೀರು ಅರ್ಧ ಮೀಟರ್ ಏರಿದರೂ ಉದ್ದನೆಯ ಓರೆ ಹಗ್ಗದ ಕೋನ ಬದಲಾಗುವುದು ಸ್ವಲ್ಪವೇ. ನೇರವಾಗಿ ದಡಕ್ಕೆ ಕಟ್ಟಿದ ಗಿಡ್ಡ ಹಗ್ಗವೇ ಮೊದಲು ತಂತಿಯಾಗುವುದು. ಮುಂಭಾಗದಿಂದ ಮುಂದಕ್ಕೆ ಒಂದು, ಹಿಂಭಾಗದಿಂದ ಹಿಂದಕ್ಕೆ ಒಂದು ಕಟ್ಟಿ, ಅವಲ್ಲದೆ ಮುಂಭಾಗದಿಂದ ಹಿಂದಕ್ಕೂ ಹಿಂಭಾಗದಿಂದ ಮುಂದಕ್ಕೂ ಎರಡು ಅಡ್ಡಹಗ್ಗ ಕಟ್ಟಿ. ದೊಡ್ಡ ದೋಣಿ ಹಾದುಹೋಗುವಾಗ ಮೊದಲು ನೀರು ಹೀರಿಕೊಂಡು ಹಿಂದಕ್ಕೆ ಸರಿಯುತ್ತದೆ, ಆಮೇಲೆ ಮುಂದಕ್ಕೆ ನುಗ್ಗುತ್ತದೆ. ಆಗ ದೋಣಿ ಹಿಂದುಮುಂದಾಗಿ ಜಗ್ಗಿ ಗೂಟವನ್ನೇ ಕಿತ್ತುಬಿಡುವುದನ್ನು ತಡೆಯುವುದು ಈ ಅಡ್ಡಹಗ್ಗಗಳು. ಸ್ವಲ್ಪ ಹಿಗ್ಗುವ ನೈಲಾನ್ ಹಗ್ಗ ಇದಕ್ಕೆ ಸರಿ. ಗೂಟ ಹೊಡೆಯುವುದಾದರೆ ಅದರ ತಲೆ ದೋಣಿಯಿಂದ ಆಚೆಗೆ ವಾಲಿರುವಂತೆ ಹೊಡೆದು, ಹಗ್ಗವನ್ನು ನೆಲಕ್ಕೆ ಹತ್ತಿರದಲ್ಲಿ ಕಟ್ಟಿ.

ತೆಪ್ಪದದಾರಿ ಬರೆದಿದ್ದಾರೆ:

ಅದು ಬೋಲೈನ್ ಗಂಟೇ ಆಗಿತ್ತು. ಒಂದು ಸಂದೇಹ ಉಳಿದಿದೆ. ನೀರು ದಡವನ್ನೇ ಮುಳುಗಿಸುವಷ್ಟು ಏರಿದರೆ ದೋಣಿ ದಡದ ಮೇಲೆ ಹತ್ತಿಬಿಡುವುದಿಲ್ಲವೇ?

ಏಳುಸುತ್ತು ಬರೆದಿದ್ದಾರೆ:

ಹತ್ತುತ್ತದೆ, ಮತ್ತು ನೀರು ಇಳಿದಾಗ ಅಲ್ಲೇ ಕುಳಿತು ಮಗುಚುತ್ತದೆ. ನೆರೆಯಲ್ಲಿ ಹಾಳಾಗುವ ದೋಣಿಗಳಲ್ಲಿ ಹಲವು ಏರುವ ನೀರಿನಲ್ಲಲ್ಲ, ಇಳಿಯುವ ನೀರಿನಲ್ಲಿ ಹಾಳಾಗುತ್ತವೆ. ದೋಣಿಗೂ ದಡಕ್ಕೂ ನಡುವೆ ಎರಡು ಉದ್ದ ಗಳುಗಳನ್ನು ಕೊಟ್ಟು ದೋಣಿಯನ್ನು ನದಿಯ ಕಡೆಗೆ ತಳ್ಳಿ ನಿಲ್ಲಿಸಬೇಕು, ದಡದ ಅಂಚು ಕಾಣದಾಗುವ ಮೊದಲೇ ಅಲ್ಲೊಂದು ಕೋಲು ನೆಟ್ಟು ಗುರುತು ಮಾಡಬೇಕು. ಸರದಿಯಂತೆ ಎಚ್ಚರವಿರಬೇಕು. ಮಕ್ಕಳಿದ್ದರೆ ಅವರನ್ನು ಮೊದಲೇ ದಡಕ್ಕೆ ಕಳಿಸಿ. ದೋಣಿ ಎರಡನೆಯ ಮಾತು.

ಚುಕ್ಕಾಣಿ ಬರೆದಿದ್ದಾರೆ:

ಮಕ್ಕಳಿದ್ದರು ಎಂದಿದ್ದರಿಂದ ಇದನ್ನೂ ಹೇಳಬೇಕು. ಎಲ್ಲ ಮಾಡಿಯೂ ದೋಣಿ ಕಂಬಕ್ಕೆ ಅಡ್ಡಲಾಗಿ ಬಿದ್ದರೆ, ಎಲ್ಲರೂ ಕೂಡಲೇ ಕಂಬವಿರುವ ಬದಿಗೆ ಸರಿಯಬೇಕು. ಮನಸ್ಸು ಕಂಬದಿಂದ ದೂರ ಓಡು ಎನ್ನುತ್ತದೆ. ಆದರೆ ಆಗ ನೀರು ಬರುವ ಬದಿ ತಗ್ಗಿ, ಸೆಳವು ಒಳನುಗ್ಗಿ ದೋಣಿಯನ್ನು ಕ್ಷಣದಲ್ಲಿ ಮಗುಚುತ್ತದೆ. ಇದನ್ನು ಶಾಂತ ನೀರಿನಲ್ಲಿ ಮಕ್ಕಳಿಗೆ ಒಮ್ಮೆ ಆಡಿಸಿ ತೋರಿಸಿ. ಜೀವರಕ್ಷಕ ಅಂಗಿಯನ್ನು ಸೇತುವೆ ಕಂಡಾಗ ಹುಡುಕುವುದಲ್ಲ, ಲಂಗರು ಎತ್ತುವ ಮೊದಲೇ ತೊಟ್ಟಿರಬೇಕು.

ತೆಪ್ಪದದಾರಿ ಬರೆದಿದ್ದಾರೆ:

ನಿನ್ನೆ ಬೆಳಗ್ಗೆ ನೀವು ಹೇಳಿದಂತೆಯೇ ಅಳೆದೆವು. ಚಾವಣಿಯ ನೆತ್ತಿ ಕಾಗದದಲ್ಲಿರುವಂತೆ ಸುಮಾರು 2.2 ಮೀಟರ್ ಇದೆ, ಆದರೆ ಆಂಟೆನಾದ ಬುಡದ ಕಬ್ಬಿಣದ ತುಂಡು ಸೇರಿದರೆ, ತೊಟ್ಟಿಗಳು ಬರಿದಾಗಿರುವಾಗ, 2.34 ಮೀಟರ್. ಎಡ ಮೂಲೆ 2.11, ಬಲ ಮೂಲೆ 2.09. ಅಂದರೆ ನಾವು ನೆಮ್ಮದಿಯಿಂದ ದಾಟಿದೆವೆಂದುಕೊಂಡ ಆ ಮೊದಲ ದಿನ ನಮ್ಮ ತಲೆಯ ಮೇಲೆ ಮೂವತ್ತು ಸೆಂಟಿಮೀಟರ್ ಇರಲಿಲ್ಲ, ಹೆಚ್ಚೆಂದರೆ ಒಂದು ಗೇಣು ಇತ್ತು. ನೀರು ಎಷ್ಟು ಏರಿತ್ತೆಂದು ನಾನು ಅಳೆದಿರಲಿಲ್ಲ. ಪಾಚಿಯ ಪಟ್ಟಿ ಒಂದು ಮೊಳ ಅಗಲವಿತ್ತು ಎಂಬ ನೆನಪಿನಿಂದ ಈಗ ನನ್ನ ಮೊಳವನ್ನೇ ಅಳೆದು ನೋಡಿದೆ. ಅದು 44 ಸೆಂಟಿಮೀಟರ್. ಕಬ್ಬಿಣದ ತುಂಡನ್ನು ಬಿಚ್ಚಿ, ಆಂಟೆನಾವನ್ನು ಮಡಚುವ ಕೀಲಿಗೆ ಹಾಕಿಸುತ್ತಿದ್ದೇನೆ. ಮೂರೂ ಅಂಕಿಗಳನ್ನು ಬರೆದ ಚೀಟಿಯನ್ನು ಮಗಳು ಚುಕ್ಕಾಣಿಯ ಎದುರಿಗೆ ಅಂಟಿಸಿದ್ದಾಳೆ.

ನೀರಳತೆ ಬರೆದಿದ್ದಾರೆ:

ಚೀಟಿಯಲ್ಲಿ ಅಳೆದ ದಿನಾಂಕವನ್ನೂ, ತೊಟ್ಟಿಗಳು ಬರಿದಾಗಿದ್ದವು ಎಂಬುದನ್ನೂ ಬರೆಯಿಸಿ. ಆಂಟೆನಾದ ಕೀಲು ಕೂರಿಸಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಕೀಲಿಗೂ ಎತ್ತರವಿರುತ್ತದೆ.